ಹೂವಿನ ಬೆನ್ನು ನೋಡಿ!

ಕಾಲು ಅಲ್ಲೇ ಇರಲಿ! ಮುಂದಿನ ಹೆಜ್ಜೆ ಇಡಬೇಡಿ!

ಈಗ ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತು ಕೆಳಗೆ ನೋಡಿ. ಕಂಡಿತೇ? ಮಳೆನೀರು ತೆಳ್ಳಗೆ ನಿಂತ ಮುರಕಲ್ಲಿನ ಮೇಲೆ, ಹುಲ್ಲಿನ ಎಡೆಎಡೆಯಲ್ಲಿ, ಯಾರೋ ಬಟ್ಟೆಗೆ ಹಾಕುವ ನೀಲಿಯನ್ನು ಚೆಲ್ಲಿ ಓಡಿಹೋದ ಹಾಗೆ! ಒಂದಲ್ಲ, ಹತ್ತಲ್ಲ. ಈ ಪದವಿನ, ಈ ಕಲ್ಲುಗುಡ್ಡದ ಬಯಲಿನ ಆ ತುದಿವರೆಗೂ ಅದೇ ನೀಲಿ! ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ಅಷ್ಟೇ!

ಹೂವು ಎಂದು ನಿಮಗೂ ಗೊತ್ತಾಯಿತು. ಆದರೆ ಇದು ಬೇಟೆಗಾರ ಎಂದರೆ ನಂಬುತ್ತೀರಾ?

ಹೌದು ಮಾರಾಯ್ರೆ, ಬೇಟೆಗಾರ! ಹುಲಿಗಿಂತ ವೇಗ. ಹಾವಿಗಿಂತಲೂ ವೇಗ. ಎಷ್ಟು ವೇಗ? ಒಂದು ಅಂದಾಜು ಮಾಡಿ ಮನಸ್ಸಿನಲ್ಲಿಟ್ಟುಕೊಳ್ಳಿ. ಉತ್ತರವನ್ನು ನಾನು ಈಗಲೇ ಹೇಳುವುದಿಲ್ಲ.

ನಾವಿರುವುದು ಬಂಟ್ವಾಳ ತಾಲೂಕಿನ ಕನ್ಯಾನದ ಕಡೆಯ ಒಂದು ಪದವಿನ ಮೇಲೆ. ವಿಟ್ಲ ದಾಟಿ ಬಂದರೆ ಇವೇ ನಮ್ಮ ಕೊನೆಯ ಊರುಗಳು, ಗುಡ್ಡ ಇಳಿದು ಒಂದಿಷ್ಟು ಹೋದರೆ ಕೇರಳ. ಆಚೆ ಬಾಯಾರಿನ ಕಡೆ ಪೊಸಡಿ ಗುಂಪೆ, ಸುಮಾರು 1060 ಅಡಿ ಎತ್ತರದ ಬೋಳು ತಲೆಯ ಗುಡ್ಡ. ಏಪ್ರಿಲ್‌ನಲ್ಲಿ ಈ ಪದವುಗಳಿಗೆ ಬಂದವರು ಮುಖ ತಿರುಗಿಸಿ ಹೋಗುತ್ತಾರೆ. ಕಾದ ಬಾಣಲೆ! ಕಂದುಬಣ್ಣದ ಕಲ್ಲು, ಒಣಗಿದ ಮುಳಿಹುಲ್ಲು, ಒಂದು ಹನಿ ಹಸಿರಿಲ್ಲ.

ತುಳುವರ ಆಟಿ ತಿಂಗಳು ಕಳೆದು ಸೋಣ ಬರಲಿ. ಅದೇ ಕಲ್ಲಿನ ಮೇಲೆ ನಡೆಯಲು ಜಾಗ ಹುಡುಕಬೇಕು!

ನನಗೆ ಈ ಹೂಗಳ ಹೆಸರು ಹಿಡಿಯುವ ಹುಚ್ಚು ಹತ್ತಿಸಿದ್ದು ಯಾವ ಪುಸ್ತಕವೂ ಅಲ್ಲ. ನನ್ನ ದೊಡ್ಡಮ್ಮ. ಸೋಣ ತಿಂಗಳಿಡೀ ಹೊಸ್ತಿಲು ಪೂಜೆಗೆ ಅವರಿಗೆ ಗುಡ್ಡದ ಹೂ ಬೇಕು. ಕಳೆದ ಮಳೆಗಾಲದಲ್ಲಿ ಬುಟ್ಟಿ ಹಿಡಿದು ಹೊರಟವರ ಹಿಂದೆ ನಾನೂ ಹೋದೆ. ನೇರಳೆ ಬಣ್ಣದ್ದೊಂದನ್ನು ತೋರಿಸಿ "ಇದು ಎಂತ ಹೂ ದೊಡ್ಡಮ್ಮ?" ಎಂದೆ. ಅವರು ಹೂವನ್ನು ಕೊಯ್ಯಲೂ ಇಲ್ಲ, ನೋಡಲೂ ಇಲ್ಲ. ಎರಡು ಬೆರಳಲ್ಲಿ ದಂಟು ಹಿಡಿದು ಮೆಲ್ಲನೆ ತಿರುಗಿಸಿದರು.

"ಮುಖ ನೋಡಿ ಹೇಳ್ಲಿಕ್ಕೆ ಆಗುದಿಲ್ಲ ಮಗಾ. ಬೆನ್ನು ನೋಡ್ಬೇಕು."

ಆ ಒಂದು ಮಾತು! ಅದು ಕಿವಿಗೆ ಬಿದ್ದ ದಿನದಿಂದ ಗುಡ್ಡವೇ ಬೇರೆಯಾಗಿ ಕಾಣುತ್ತಿದೆ.

ಯಾಕೆಂದರೆ ನಾವೆಲ್ಲ ಮಾಡುವ ತಪ್ಪು ಒಂದೇ. ಬಣ್ಣ ನೋಡುತ್ತೇವೆ! "ಅದೇ ಆ ನೇರಳೆ ಹೂ" ಎನ್ನುತ್ತೇವೆ. ನೇರಳೆ ಹೂ ಎಷ್ಟಿಲ್ಲ! ಬಣ್ಣ ಬಿಸಿಲಿಗೆ ಮಾಸುತ್ತದೆ, ಮಳೆಗೆ ತೊಳೆದುಹೋಗುತ್ತದೆ, ಬೆಳಿಗ್ಗೆ ಒಂದು ಸಂಜೆಗೊಂದು. ಎಸಳಿನ ಲೆಕ್ಕ, ಎಲೆಯ ಗೆರೆ, ತೊಟ್ಟಿನ ಸಂದು, ಬೆನ್ನಿನ ಕೊಂಬು, ಇವು ಹಾಗೆ ಬದಲಾಗುವುದಿಲ್ಲ.

ಬನ್ನಿ, ಒಂದೊಂದನ್ನೇ ಹಿಡಿಯೋಣ!

ಮೊದಲನೆಯದು ಸುಲಭ. ಗುಡ್ಡದ ಬುಡದಲ್ಲಿ, ತೋಡಿನ ಬದಿಯಲ್ಲಿ, ಎದೆಮಟ್ಟದ ಪೊದೆ. ಅಂಗೈ ಅಗಲಕ್ಕೆ ಬರುವ ಗುಲಾಬಿ ನೇರಳೆ ಹೂ, ಹೆಚ್ಚಾಗಿ ಐದು ಎಸಳು. ಹೂವನ್ನು ಬಿಡಿ! ಎಲೆಯನ್ನು ಹಿಡಿಯಿರಿ. ಮಾವಿನ ಎಲೆಯಲ್ಲಿ ನಡುವೆ ಒಂದು ನರ, ಅದರಿಂದ ಎರಡೂ ಕಡೆಗೆ ಕವಲು, ಅಲ್ಲವೇ? ಇಲ್ಲಿ ನೋಡಿ. ಬುಡದಿಂದ ಹೊರಟ ಗೆರೆಗಳು ಬಿಲ್ಲಿನ ಹಾಗೆ ಬಾಗಿ ತುದಿಯಲ್ಲಿ ಮತ್ತೆ ಕೂಡುತ್ತವೆ! ಮೂರು, ಕೆಲವೊಮ್ಮೆ ಐದು. ಕಣ್ಣು ಮುಚ್ಚಿ ಬೆರಳಾಡಿಸಿದರೂ ಸಾಕು, ಆ ಗೆರೆಗಳೂ ಆ ಒರಟೂ ಕೈಗೇ ಸಿಗುತ್ತವೆ.

ನೆಕ್ಕರೆ! ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಂಡು ಮನೆಗೆ ಬಂದವರಿಗೆಲ್ಲ ಗೊತ್ತಿರುವ ನೆಕ್ಕರೆ. ವಿಜ್ಞಾನದವರು ಇದಕ್ಕೆ ಇಟ್ಟ ಹೆಸರು ಮೆಲಾಸ್ಟೋಮ. ಗ್ರೀಕಿನಲ್ಲಿ ಮೆಲಾಸ್ ಎಂದರೆ ಕಪ್ಪು, ಸ್ಟೋಮ ಎಂದರೆ ಬಾಯಿ. ಕಪ್ಪು ಬಾಯಿ! ನಮ್ಮ ಮಕ್ಕಳ ನಾಲಗೆಯ ಬಣ್ಣವೇ ಜಗತ್ತಿನ ಸಸ್ಯಶಾಸ್ತ್ರದ ಪುಸ್ತಕ ಸೇರಿಬಿಟ್ಟಿದೆ.

ಆದರೆ ನಿಲ್ಲಿ, ನಿಜವಾದ ಅಚ್ಚರಿ ಹೂವಿನ ಒಳಗಿದೆ. ಕೇಸರ ಎಣಿಸಿ. ಹತ್ತು! ಈಗ ಹತ್ತಿರದಿಂದ ನೋಡಿ. ಹತ್ತೂ ಒಂದೇ ಥರ ಇದೆಯೇ?

ಇಲ್ಲ! ಐದು ಗಿಡ್ಡ, ಹಳದಿ, ಎದ್ದು ಕಾಣುವಂಥವು. ಇನ್ನೈದು ಉದ್ದ, ಕುಡುಗೋಲಿನ ಹಾಗೆ ಬಾಗಿದವು, ಬಣ್ಣ ಎಸಳಿನದ್ದೇ. ಅವು ಇದ್ದದ್ದೇ ತಿಳಿಯುವುದಿಲ್ಲ. ಯಾಕೆ ಎರಡು ಬಗೆ? ಊಹಿಸಿ!

ಹಳದಿಯವು ಊಟದ ಎಲೆ. ದುಂಬಿ ಅದನ್ನು ಕಂಡು ಬರುತ್ತದೆ, ಅಲ್ಲಿಂದ ಪರಾಗ ಕೆದಕುತ್ತದೆ. ಅಷ್ಟರಲ್ಲಿ ಕಾಣದ ಹಾಗಿದ್ದ ಉದ್ದ ಕೇಸರಗಳು ಅದರ ಮೈಗೆ ಇನ್ನೊಂದಿಷ್ಟು ಪರಾಗ ಬಳಿದಿರುತ್ತವೆ! ತಿನ್ನಲು ಬೇರೆ, ಸಾಗಿಸಲು ಬೇರೆ. ಅದೂ ಸುಮ್ಮನೆ ಸಿಗುವುದಿಲ್ಲ. ಕೇಸರದ ತುದಿಯಲ್ಲಿರುವುದು ಉಪ್ಪಿನ ಡಬ್ಬಿಯಂತೆ ಒಂದು ಸಣ್ಣ ತೂತು. ದೊಡ್ಡ ಕರಿದುಂಬಿ ಬಂದು ಹೂವನ್ನು ಅಪ್ಪಿ ಹಿಡಿದು 'ಝಂಯ್' ಎಂದು ಮೈ ನಡುಗಿಸಬೇಕು. ಆಗ ಪರಾಗ ಉದುರುತ್ತದೆ! ಜೇನುನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಬೆಳಿಗ್ಗೆ ನೆಕ್ಕರೆ ಪೊದೆಯ ಹತ್ತಿರ ಐದು ನಿಮಿಷ ಮೌನವಾಗಿ ನಿಂತುಕೊಳ್ಳಿ. ಹಾರುವಾಗಿನ ಗುಂಯ್‌ಗುಟ್ಟುವಿಕೆ ಬೇರೆ, ಹೂವಿನ ಮೇಲೆ ಕೂತು ಮಾಡುವ ಆ ಝಂಕಾರ ಬೇರೆ. ಕಿವಿಯಿಂದಲೇ ಗುರುತಿಸಬಹುದಾದ ಹೂವು!

ಮುಂದೆ ಕೇಪಳ. ಕೆಂಪು ಗೊಂಚಲು, ಎಸಳು ನಾಲ್ಕು, ಉದ್ದ ತೆಳು ಕೊಳವೆ. ಕೊಳವೆಯ ತುದಿ ಚೀಪಿದರೆ ಒಂದು ಹನಿ ಸಿಹಿ. ಇದನ್ನು ಗುರುತಿಸಲು ನಿಮಗೆ ನಾನು ಬೇಕಾಗಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಬಳ್ಳಿಯಂಥ ಪೊದೆ ಇದೆ. ಸಣ್ಣ ಕಿತ್ತಳೆ ನಕ್ಷತ್ರದ ಹೂ, ಅದಕ್ಕೆ ತಾಗಿ ಒಂದು ದೊಡ್ಡ ಅಚ್ಚಬಿಳಿ 'ಎಸಳು'. ತೋಟಗಳಲ್ಲಿ ಮುಸಾಂಡ ಎಂದು ಬೆಳೆಸುತ್ತಾರಲ್ಲ, ಅದರ ಕಾಡಿನ ಅಕ್ಕ.

ಆ ಬಿಳಿಯದ್ದು ಎಸಳೇ ಅಲ್ಲ! ಮುಟ್ಟಿ ನೋಡಿ. ಎಲೆಯ ಹಾಗೆ ನರಗಳಿವೆ. ಹೂವಿನ ಕೆಳಗೆ ಐದು ಸಣ್ಣ ಹಸಿರು ಪುಷ್ಪಪತ್ರಗಳು ಇರಬೇಕು, ಹೌದಾ? ಅವುಗಳಲ್ಲಿ ಒಂದು ಮಾತ್ರ ಹಿಗ್ಗಿ, ಬಿಳುಚಿ, ಬಾವುಟವಾಗಿಬಿಟ್ಟಿದೆ! ಬೆನ್ನು ನೋಡದವರಿಗೆ ಈ ಗುಟ್ಟು ಸಿಗುವುದೇ ಇಲ್ಲ.

ಈಗ ಸವಾಲು. ಕೆಂಪು ಕೇಪಳ, ಈ ಬಿಳಿ ಬಾವುಟದ ಹೂ, ನಿಮ್ಮ ಬೆಳಗಿನ ಕಾಫಿ. ಮೂರಕ್ಕೂ ಏನು ಸಂಬಂಧ?

ಎಲೆಗಳು ಹೊರಡುವ ಜಾಗಕ್ಕೆ ಹೋಗಿ. ಮೂರರಲ್ಲೂ ಎಲೆಗಳು ಎದುರುಬದುರು ಜೋಡಿ. ಆ ಎರಡು ತೊಟ್ಟುಗಳ ನಡುವೆ, ದಂಟಿಗೆ ಅಂಟಿಕೊಂಡು, ಅಕ್ಕಿಕಾಳಿಗಿಂತ ಚಿಕ್ಕ ಒಂದು ಚೂಪು ಮುಸುಕು! ಕೇಪಳದಲ್ಲಿ ಅದಕ್ಕೆ ಸೂಜಿಯ ಮೂತಿ. ಬಿಳಿ ಬಾವುಟದ್ದರಲ್ಲಿ ತುದಿ ಎರಡಾಗಿ ಸೀಳಿದೆ. ಕಾಫಿ ಗಿಡದಲ್ಲೂ ಅದೇ ಜಾಗದಲ್ಲಿ ಅದೇ ತ್ರಿಕೋನ. ಮೂರೂ ಒಂದೇ ಕುಟುಂಬ! ಹಿತ್ತಿಲಲ್ಲಿ ಒಂದು ಕಾಫಿ ಗಿಡ ಇದ್ದರೆ ಈಗಲೇ ಎದ್ದುಹೋಗಿ ನೋಡಿ ಬನ್ನಿ, ನಾನು ಕಾಯುತ್ತೇನೆ. ಈ ಮುಸುಕನ್ನು ಕಂಡ ದಿನ ನಾನು ಮನೆಮಂದಿಯನ್ನೆಲ್ಲ ಎಳೆದುಕೊಂಡು ಹೋಗಿ ತೋರಿಸಿದ್ದೆ.

ಪದವಿನ ಮೇಲಕ್ಕೆ ಹತ್ತೋಣ. ಹುಲ್ಲಿನ ನಡುವೆ, ನೆಲಕ್ಕೇ ಅಂಟಿಕೊಂಡು, ಒಂದು ಹಳದಿ ನಕ್ಷತ್ರ. ಆರು ಎಸಳು. ಎಲೆ ನೋಡಿದರೆ ಈಗಷ್ಟೇ ಮೊಳೆತ ತೆಂಗಿನ ಸಸಿ! ಅದಕ್ಕೇ ಹೆಸರು ನೆಲತೆಂಗು. ನೆಲತಾಳೆ ಎನ್ನುವವರೂ ಉಂಟು.

ಈ ಹೂವಿನ ಕಾಯಿ ಎಲ್ಲಿದೆ, ಹೇಳಿ?

ಹೂವಿನ ಕೆಳಗಿರುವ ತೆಳು ದಂಟನ್ನು ನೋಡುತ್ತೀರಿ, ಅಲ್ಲಿಲ್ಲ. ನಡುವೆ ನೋಡುತ್ತೀರಿ, ಅಲ್ಲೂ ಇಲ್ಲ. ಬುಡದ ಮಣ್ಣನ್ನು ಉಗುರಲ್ಲಿ ಮೆಲ್ಲಗೆ ಸರಿಸಿ. ಅಲ್ಲಿದೆ! ಎಲೆಗಳ ಬುಡದ ಕವಚದೊಳಗೆ, ಮಣ್ಣಿನ ಮಟ್ಟದಲ್ಲಿ ಅಡಗಿ ಕೂತಿದೆ. ನಾವು ದಂಟು ಎಂದುಕೊಂಡದ್ದು ದಂಟಲ್ಲ, ಆ ಕಾಯಿಯೇ ಮೇಲಕ್ಕೆ ಚಾಚಿದ ಉದ್ದ ಕೊಕ್ಕು! ಹೂ ಬಿಸಿಲಲ್ಲಿ, ಬಸಿರು ನೆಲದಲ್ಲಿ. ಎಂಥ ಉಪಾಯ! ನೋಡಿದ ಮೇಲೆ ಮಣ್ಣನ್ನು ಮತ್ತೆ ಮುಚ್ಚಿಬಿಡಿ.

ಬೇಲಿಯಲ್ಲಿ ಬೆಂಕಿ ಹೊತ್ತಿದ ಹಾಗೆ ಕಾಣುವ ಅಗ್ನಿಶಿಖೆ ಹೂ ಬಿಡದಿದ್ದರೂ ಗುರುತು ಸಿಗುತ್ತದೆ. ಹೇಗೆ? ಎಲೆಯ ತುದಿ! ಬೇರೆ ಎಷ್ಟೋ ಬಳ್ಳಿಗಳು ಹಿಡಿಕೆಗೆಂದು ಬೇರೆಯೇ ಸುರುಳಿ ಬೆಳೆಸುತ್ತವೆ, ಇದರಲ್ಲಿ ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕೊಂಬೆಯನ್ನು ಹಿಡಿಯುತ್ತದೆ. ಹೂ ಬಂದಾಗ ಆರೂ ಎಸಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ, ಶಲಾಕೆ ಮಾತ್ರ ಬುಡದಲ್ಲೇ ತೊಂಬತ್ತು ಡಿಗ್ರಿ ಮುರಿದುಕೊಂಡು ಪಕ್ಕಕ್ಕೆ ಓಡುತ್ತದೆ. ಗೆಡ್ಡೆ ಘೋರ ವಿಷ. ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದ ಗುರುತು ಇದೇ.

ಈಗ ಕಿಸೆಯಿಂದ ಮಸೂರ ತೆಗೆಯಿರಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ನೀರು ನಿಂತ ಕಲ್ಲಿನ ಅಂಚಿನಲ್ಲಿ ಬಿಳಿ ಅಂಗಿ ಗುಂಡಿಗಳನ್ನು ಕಡ್ಡಿಗೆ ಸಿಕ್ಕಿಸಿದ ಹಾಗೆ ನಿಂತಿವೆಯಲ್ಲ, ಒಂದನ್ನು ಮಸೂರದ ಕೆಳಗೆ ತನ್ನಿ. ಒಂದು ಹೂ ಎಂದುಕೊಂಡಿರಾ?

ಎಣಿಸಿ! ಹತ್ತು, ಇಪ್ಪತ್ತು, ಮೂವತ್ತು... ಅದೊಂದು ಊರು! ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಎಲ್ಲ ಒಂದೇ ಗುಂಡಿಯೊಳಗೆ. ನಡುನಡುವೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಅವು ಪರಾಗದ ಚೀಲಗಳು. ಇದು ಎರಿಯೋಕಾಲನ್. ಇದರ ಜಾತಿ ಗುರುತಿಸುವವರು ಕೊನೆಗೆ ಬೀಜದ ಮೈಮೇಲಿನ ಕೆತ್ತನೆಯವರೆಗೂ ಇಳಿಯುತ್ತಾರೆ. ಸಾಸಿವೆಗಿಂತ ಎಷ್ಟೋ ಚಿಕ್ಕ ಬೀಜ, ಅದರ ಮೇಲೆ ಕೆತ್ತನೆ!

ಅದರ ಬುಡದಲ್ಲೇ ಇನ್ನೊಂದು. ಕೆಂಪು ಕೂದಲಿನ ಸಪೂರ ಎಲೆ, ಕೂದಲ ತುದಿತುದಿಗೂ ಒಂದು ಇಬ್ಬನಿ ಹನಿ. ಗಂಟೆ ಎಷ್ಟಾಯಿತು? ಹನ್ನೊಂದು. ಬಿಸಿಲು ಬಂದಿದೆ, ಹುಲ್ಲಿನ ಮೇಲಿನ ಇಬ್ಬನಿ ಆರಿದೆ. ಇದು ಮಾತ್ರ ಯಾಕೆ ಆರಿಲ್ಲ?

ಇಬ್ಬನಿಯಲ್ಲ ಅದು, ಅಂಟು! ನೋಡಿ, ಒಂದು ಸೊಳ್ಳೆಯಂಥ ಹುಳ ಸಿಕ್ಕಿಬಿದ್ದಿದೆ. ಡ್ರಾಸೆರಾ! ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಜಗತ್ತನ್ನೇ ಅಲುಗಾಡಿಸಿದ ಪುಸ್ತಕ ತಂದ. ಮರುವರ್ಷವೇ, ಸದ್ಯಕ್ಕೆ ತನಗೆ ಜೀವಜಾತಿಗಳ ಹುಟ್ಟಿಗಿಂತ ಈ ಡ್ರಾಸೆರಾದ್ದೇ ಹೆಚ್ಚಿನ ಚಿಂತೆ ಎಂದು ಗೆಳೆಯನಿಗೆ ಕಾಗದ ಬರೆದ! ಅವನು ನೋಡಿದ್ದು ಇಂಗ್ಲೆಂಡಿನ ಡ್ರಾಸೆರಾ. ಅದರ ತಂಗಿ ನಮ್ಮ ಚಪ್ಪಲಿಯ ಪಕ್ಕದಲ್ಲಿ ಕೂತಿದೆ.

ಸ್ವಲ್ಪ ಉಸಿರು ತೆಗೆದುಕೊಳ್ಳಿ. ಒಂದು ಒಗಟು: 4, 5, 6, 10. ಏನು ಈ ಅಂಕಿಗಳು?

ಕೇಪಳ, ಡ್ರಾಸೆರಾ, ಅಗ್ನಿಶಿಖೆ, ನೆಕ್ಕರೆ. ಅವುಗಳ ಕೇಸರಗಳ ಲೆಕ್ಕ! ಸ್ವೀಡನ್ನಿನ ಲಿನೇಯಸ್ ಎಂಬ ಮಹಾಶಯ ಪ್ರಪಂಚದ ಗಿಡಗಳನ್ನೆಲ್ಲ ಹೀಗೇ ಕೇಸರ ಎಣಿಸಿ ಗುಂಪು ಮಾಡಿದ. 1753ರಲ್ಲಿ ಗಿಡಗಳಿಗೆ ಜೋಡಿ ಹೆಸರು ಕೊಟ್ಟ ಅವನ ದೊಡ್ಡ ಪುಸ್ತಕ ಬಂತು. ನಾವು ಇವತ್ತು ಬೆಳಿಗ್ಗೆಯಿಂದ ಕಂಡ ಈ ನಾಲ್ಕೂ ಅದರಲ್ಲಿವೆ! ನಾಲ್ಕೂ! ಆ ಮನುಷ್ಯ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ನಮ್ಮ ಕರಾವಳಿಯ ಗಿಡಗಳನ್ನು ಅವನಿಗೆ ತೋರಿಸಿದ್ದರಲ್ಲಿ 'ಹೋರ್ಟಸ್ ಮಲಬಾರಿಕಸ್' ಎಂಬ ಚಿತ್ರಗ್ರಂಥದ್ದು ದೊಡ್ಡ ಪಾಲು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ. ಅದರೊಳಗಿನ ತಿಳಿವಳಿಕೆ ಯಾರದ್ದು? ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ನಾಟಿವೈದ್ಯರದ್ದು, ಜೊತೆಗೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿಗರದ್ದು! ಬೆನ್ನು ನೋಡಿ ಹೂ ಹೇಳುತ್ತಿದ್ದ ಜನರು ಆಗಲೂ ಇದ್ದರು.

ಸರಿ. ಈಗ ಆ ನೀಲಿಗೆ ಬರೋಣ. ಮರೆತಿಲ್ಲ ತಾನೇ?

ಒಂದು ಹೂವನ್ನು ಆರಿಸಿ. ದಂಟು ದಾರದಷ್ಟು ತೆಳು, ತಾನಾಗಿ ನಿಲ್ಲಲಾರದೆ ಪಕ್ಕದ ಹುಲ್ಲಿನ ಕಡ್ಡಿಗೆ ಸುತ್ತಿಕೊಂಡಿದೆ. ಎರಡು ತುಟಿ. ಕೆಳತುಟಿ ಉಬ್ಬಿದೆ, ಅದರ ಮೇಲೆ ಗಾಢ ಗೆರೆಗಳ ಬಲೆ. ಈಗ ದೊಡ್ಡಮ್ಮ ಮಾಡಿದ ಹಾಗೆ ತಿರುಗಿಸಿ. ಬೆನ್ನಲ್ಲಿ ಏನಿದೆ?

ಕೊಂಬು! ಕೆಳಕ್ಕೆ ಬಾಗಿದ ಒಂದು ಚೂಪು ಕೊಂಬು. ಕೇಸರ ಎಷ್ಟು? ಎರಡೇ. ಬೇರು? ಇಲ್ಲ! ನಿಜವಾಗಿ ಬೇರು ಎನ್ನುವುದೇ ಇಲ್ಲ. ಕೆಸರಿನಲ್ಲಿ ಹರಡಿರುವುದು ನೂಲಿನಂಥ ಬಳ್ಳಿ, ಅದರ ಉದ್ದಕ್ಕೂ ಪುಟ್ಟ ಪುಟ್ಟ ಚೀಲಗಳು. ಗಸಗಸೆ ಕಾಳಿನಷ್ಟು. ಅವೇ ಬೋನುಗಳು! ಹೆಸರೇ ಯುಟ್ರಿಕುಲೇರಿಯಾ ರೆಟಿಕ್ಯುಲೇಟಾ. ಲ್ಯಾಟಿನ್ನಿನಲ್ಲಿ ಮೊದಲ ಪದ ಪುಟ್ಟ ಚೀಲ, ಎರಡನೆಯದು ಬಲೆ. ನೆಲದ ಕೆಳಗಿನ ಚೀಲ, ತುಟಿಯ ಮೇಲಿನ ಬಲೆ, ಎರಡು ಗುರುತೂ ಹೆಸರಿನಲ್ಲೇ!

ಚೀಲ ತನ್ನೊಳಗಿನ ನೀರನ್ನು ಹೊರಗೆ ಪಂಪ್ ಮಾಡಿ ಬಾಗಿಲು ಮುಚ್ಚಿಕೊಂಡು ಕಾಯುತ್ತದೆ. ಗೋಡೆಗಳು ಒಳಕ್ಕೆ ಸೆಳೆದುಕೊಂಡಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯೊಂದು ಬಾಗಿಲ ಕೂದಲನ್ನು ತಾಗಿತೋ, ಬಾಗಿಲು ಒಳಕ್ಕೆ! ನೀರೂ ಬೇಟೆಯೂ ಒಳಕ್ಕೆ! ಬಾಗಿಲು ಬಂದ್!

ಎಷ್ಟು ಹೊತ್ತು? ನಿಮ್ಮ ಅಂದಾಜು ಏನಿತ್ತು? ಒಂದು ಸೆಕೆಂಡು? ಅರ್ಧ ಸೆಕೆಂಡು? ಕಣ್ಣು ಮಿಟುಕಿಸುವಷ್ಟು?

ಒಂದು ಸೆಕೆಂಡನ್ನು ಸಾವಿರ ತುಂಡು ಮಾಡಿ. ಅದರಲ್ಲಿ ಒಂದು ತುಂಡೂ ಪೂರ್ತಿ ಬೇಡ!

ನೀರಿನಲ್ಲಿ ತೇಲುವ ಇದರ ನೆಂಟರನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದ ವಿಜ್ಞಾನಿಗಳು 2011ರಲ್ಲಿ ಲೆಕ್ಕ ಕೊಟ್ಟರು. ಒಳಗೆ ನುಗ್ಗುವ ನೀರಿನ ಸೆಳೆತ ಭೂಮಿಯ ಗುರುತ್ವದ 600 ಪಟ್ಟು! ಡಾರ್ವಿನ್ 1875ರಲ್ಲಿ ಈ ಚೀಲಗಳ ಬಗ್ಗೆ ಬರೆದಾಗ, ಹುಳವೇ ತಲೆಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತದೆ ಎಂದುಕೊಂಡಿದ್ದ. ಅವನ ಕಣ್ಣಿಗೂ ಸಿಗದ ವೇಗ!

ಗಡಿಯಾಚೆ ಮಲೆಯಾಳ ಮಾತಾಡುವವರು ಇದನ್ನು ಕಾಕ್ಕಪ್ಪೂ ಎನ್ನುತ್ತಾರೆ, ಕಾಗೆ ಹೂ. ಓಣಂ ಬಂದರೆ ಮಕ್ಕಳು ಇದನ್ನು ಕೊಯ್ದು ಅಂಗಳದ ಹೂವಿನ ರಂಗೋಲಿಗೆ ತುಂಬುತ್ತಾರೆ. ಈಚೆ ನಮ್ಮ ಮನೆಗಳಲ್ಲಿ ಅದೇ ತಿಂಗಳು ಹೊಸ್ತಿಲಿಗೆ ಗುಡ್ಡದ ಹೂ. ಒಂದೇ ಪದವು, ಎರಡು ಭಾಷೆ, ಎರಡು ಹಬ್ಬ!

ಕೆಂಪುಕಲ್ಲಿನ ಕೋರೆ ಬಂದ ಪದವಿನಲ್ಲಿ ಮಾತ್ರ ಇವು ಯಾವುವೂ ಇಲ್ಲ. ಕಲ್ಲು ಕಡಿದ ಹೊಂಡದಲ್ಲಿ ನೀರು ಆಳಕ್ಕೆ ನಿಲ್ಲುತ್ತದೆ. ಈ ಹೂಗಳಿಗೆ ಬೇಕಾದದ್ದು ಒಂದು ಬೆರಳಿನಷ್ಟು ನೀರು, ಒಂದು ಚಿಟಿಕೆ ಮಣ್ಣು, ಮೇಲಿಂದ ಪೂರ್ತಿ ಬಿಸಿಲು. ಬೋಳು ಗುಡ್ಡ ಎಂದು ನಾವು ಕರೆಯುವ ಜಾಗವೇ ಅವಕ್ಕೆ ಮನೆ. ಕೋರೆ ಬಂದ ಇನ್ನೊಂದು ಪದವಿನ ಪಕ್ಕ ಹೋಗುವಾಗ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ದೊಡ್ಡಮ್ಮನಿಗೆ ಒಂದು ದಿನ ಮಸೂರದಲ್ಲಿ ಈ ಕಾಗೆ ಹೂವಿನ ಚೀಲ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಎಪ್ಪತ್ತು ವರ್ಷ ಕೊಯ್ದೆ ಮಗಾ ಇದನ್ನು. ಇದರ ಹೊಟ್ಟೆ ಎಲ್ಲಿಂತ ಇವತ್ತು ಗೊತ್ತಾದ್ದು!"

ಮರುದಿನ ಬೆಳಿಗ್ಗೆ ಏಳುವಾಗ ಹೊಸ್ತಿಲು ಪೂಜೆ ಮುಗಿದಿತ್ತು. ಚಾವಡಿಯಲ್ಲಿ ಒಂದು ತುಂಡು ಬಾಳೆಎಲೆ. ಅದರ ಮೇಲೆ ಉಳಿದ ಐದು ಹೂ, ಐದೂ ಮಗುಚಿ ಇಟ್ಟದ್ದು! ಅಡುಗೆಮನೆಯಿಂದ ಸ್ವರ ಬಂತು.

"ಮುಟ್ಟದೆ ಹೇಳು ನೋಡುವ."

ಉದ್ದ ಕೊಳವೆ, ಕೇಪಳ. ಒರಟು ಬಟ್ಟಲು, ನೆಕ್ಕರೆ. ಬಿಳಿ ಬಾವುಟ. ಸಣ್ಣ ಕೊಂಬು, ಕಾಗೆ ಹೂ. ಐದನೆಯದಕ್ಕೂ ಕೊಂಬು ಇತ್ತು! ಆದರೆ ಅದು ಉದ್ದ, ಕೂದಲೆಳೆಯಷ್ಟು ಸಪೂರ, ಹೂವಿಗಿಂತಲೂ ಮುಂದಕ್ಕೆ ಬಾಗಿದ್ದು.

ನಾನು ಚಪ್ಪಲಿ ಮೆಟ್ಟಿದೆ. ದೊಡ್ಡಮ್ಮ ಆಗಲೇ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು.